ಬೀರುವಿನೊಳಗೆ ಕೂತು ಮಾಡಿದ ಲೆಕ್ಕ

ಸಿಟ್ಟು ಬರಲು ನನಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಮೊಳೆ ಬಗ್ಗಿದರೆ ಸಾಕು, ಬಾಗಿಲು ಕಿರ್ರೆಂದರೆ ಸಾಕು, ಯಾರಾದರೂ "ಸಿಟ್ಟು ಮಾಡ್ಕೋಬೇಡಿ" ಎಂದರಂತೂ ಧಾರಾಳವಾಗಿ ಸಾಕು. ಆದರೆ ಒಂದು ಕಾಗದ ಓದಿ ಸಿಟ್ಟು ಬಂದದ್ದು, ಆಮೇಲೆ ಅದೇ ಸಿಟ್ಟು ಕಾಲಿನಿಂದ ಇಳಿದುಹೋಗಿ ಮೈಯೆಲ್ಲ ತಣ್ಣಗಾದದ್ದು ಇದೇ ಮೊದಲು. (ಓದಿ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಮೇಲಿನ ಒಂದು ಸಾಲು ಓದಿದೆ. ಈ ಅನಾಹುತವೆಲ್ಲ ಉಳಿದ ಸಾಲುಗಳಲ್ಲಿತ್ತು.)

ನಾನು ಬಡಗಿ. ಮನೆಯ ಮುಂದಿನ ಕೋಣೆಯೇ ನನ್ನ ಕಾರ್ಖಾನೆ, ಹಿಂದೆ ಸಂಸಾರ. ಎರಡರ ನಡುವೆ ಒಂದು ಬಾಗಿಲು. ಆ ಬಾಗಿಲಿಗೆ ಹನ್ನೊಂದು ವರ್ಷದಿಂದ ಚಿಲಕ ಕೂರಿಸಿಲ್ಲ. (ಯಾಕೆಂದು ನೀವು ಕೇಳಬೇಡಿ, ಹೆಂಡತಿ ದಿನಾ ಕೇಳುತ್ತಾಳೆ.) ಹೆಂಡತಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ಎಂಥ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರವನ್ನೂ ಓದುತ್ತಾಳೆ. ನನ್ನ ಮುಖವನ್ನೂ ಹಾಗೆಯೇ ಓದುತ್ತಾಳೆ. ಒಬ್ಬಳೇ ಮಗಳು, ಏಳನೇ ತರಗತಿ. ಪೆನ್ಸಿಲ್ಲಿನ ಹಿಂಬದಿ ಕಡಿದು ಕಡಿದು ವಾರದಲ್ಲಿ ಅರ್ಧ ಮಾಡಿಬಿಡುವುದರಿಂದ ಅವಳನ್ನು ಅಳಿಲು ಎನ್ನುತ್ತೇವೆ.

ಅಳಿಲಿಗೆ ಅರ್ಧ ವರ್ಷದ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ಡಿ ಬಂದಿತ್ತು. ಆಮೇಲೆ ಶಾಲೆಗೆ ಹೊಸ ಲೆಕ್ಕದ ಟೀಚರ್ ಬಂದರು. ಬಂದ ವಾರದಲ್ಲೇ ಅವರಿಂದ ಒಂದು ಕಾಗದವೂ ಬಂತು.

"ಅಪ್ಪ, ಇದಕ್ಕೆ ಸೈನ್ ಹಾಕು."

ಕಾಗದದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: "ಗಣಿತ ತರಗತಿಯಲ್ಲಿ ನಿಮ್ಮಿಂದ ನಿರೀಕ್ಷಿಸಲಾಗಿದೆ."

"ಯಾರು ನಿರೀಕ್ಷಿಸ್ತಾ ಇರೋದು?" ಎಂದೆ.

"ಗೊತ್ತಿಲ್ಲ. ನಿರೀಕ್ಷಿಸಲಾಗಿದೆ, ಅಷ್ಟೇ."

ನನ್ನ ನೆತ್ತಿ ಕಾದದ್ದು ಅಲ್ಲಿ. ಮೇಜು ಮಾಡಿಸುವವರು ಬಂದು "ನಾಡಿದ್ದಿಗೆ ಬೇಕು" ಎಂದರೆ ಎದುರಿಗೆ ಒಂದು ಮುಖ ಇರುತ್ತದೆ, ಆ ಮುಖದ ಮೇಲೆ ರೇಗಬಹುದು. ಇಲ್ಲಿ ಮುಖವೇ ಇಲ್ಲ. ಯಾರೋ ಎಲ್ಲೋ ಸದ್ದಿಲ್ಲದೆ ಕೂತು ನನ್ನ ಮನೆಯಿಂದ ಏನನ್ನೋ ಕಾಯುತ್ತಿದ್ದಾರೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಹತ್ತು ನಿಯಮ, ಯಾವುದಕ್ಕೆ ಎಷ್ಟು ಅಂಕ, ಎಷ್ಟು ಬಂದರೆ ಎ, ಎಷ್ಟು ಬಂದರೆ ಬಿ ಎಂಬ ಪಟ್ಟಿ. ನಾನು ಒಂದನ್ನೂ ಓದದೆ, ಮರದ ಮೇಲೆ ಗುರುತು ಹಾಕುವ ದಪ್ಪ ಪೆನ್ಸಿಲ್ಲಿನಲ್ಲಿ ಕಾಗದ ಹರಿಯುವ ಹಾಗೆ ಸಹಿ ಗೀಚಿದೆ.

"ಓದಿ ಹಾಕಿದ್ರಾ?" ಒಳಗಿನಿಂದ ಹೆಂಡತಿಯ ದನಿ.

"ಹತ್ತನೇ ಕ್ಲಾಸು ಪಾಸಾದವನಿಗೆ ಏಳನೇ ಕ್ಲಾಸಿನ ಕಾಗದ ಓದೋಕೆ ಎಷ್ಟೊತ್ತು ಬೇಕೇ?"

ಇಲ್ಲಿ ನಿಮ್ಮ ಕಿವಿಗೆ ಮಾತ್ರ ಒಂದು ಗುಟ್ಟು. ನಾನು ಹತ್ತನೇ ತರಗತಿಯ ಬಾಗಿಲನ್ನು ರಿಪೇರಿಗೂ ಮುಟ್ಟಿದವನಲ್ಲ. ಮದುವೆಯ ಮಾತುಕತೆಯಲ್ಲಿ ಮಾವ "ಎಷ್ಟು ಓದಿದ್ದೀರಿ?" ಎಂದಾಗ ಬಾಯಿ ತಾನಾಗಿ "ಹತ್ತು, ಲೆಕ್ಕದಲ್ಲಿ ತೊಂಬತ್ತು" ಎಂದುಬಿಟ್ಟಿತು. ಆ ತೊಂಬತ್ತನ್ನು ಹದಿನಾರು ವರ್ಷದಿಂದ ಬೀಳದ ಹಾಗೆ ಹಿಡಿದುಕೊಂಡಿದ್ದೇನೆ. ನಿಜ ಏನೆಂದರೆ, ನಾನು ಇದೇ ಶಾಲೆಯ ಆರನೇ ತರಗತಿಯಿಂದ, ನೀರಿನ ತೊಟ್ಟಿಯ ಒಂದು ಲೆಕ್ಕದ ವಿಷಯದಲ್ಲಿ ಮೇಷ್ಟ್ರ ಜೊತೆ ಜಗಳವಾಡಿ, ಕಿಟಕಿಯಿಂದ ಹಾರಿ ಹೋದವನು. ಮತ್ತೆ ಆ ಕಡೆ ತಲೆ ಹಾಕಿಲ್ಲ. ಮೂವತ್ತೆರಡು ವರ್ಷದಿಂದ ಆ ರಸ್ತೆ ಬಂದರೆ ಸೈಕಲ್ಲನ್ನು ಬಳಸುದಾರಿಗೆ ತಿರುಗಿಸುತ್ತೇನೆ. ಶಾಲೆಯ ಮೀಟಿಂಗಿಗೆಲ್ಲ ಹೆಂಡತಿಯೇ ಹೋಗುವುದು.

ಸಹಿ ಹಾಕಿದ ಕಾಗದವನ್ನು ಮಡಚುತ್ತಾ ಅಳಿಲು ಮೆಲ್ಲಗೆ ಅಂದಳು, "ಅಪ್ಪ, ಈ ಸಲವೂ ಡಿ ಬಂದರೆ ನಾನು ಸ್ಕೂಲ್ ಬಿಟ್ಟುಬಿಡ್ತೀನಿ. ನಿನ್ನ ಜೊತೆ ಉಜ್ಜುಗೊರಡು ಹಿಡೀತೀನಿ."

ಹಾಗೆನ್ನುವಾಗ ಅವಳು ಬಾಗಿಲಿನ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡಿದಳು.

ನನ್ನ ಬೆನ್ನ ಮೇಲೆ ಯಾರೋ ತಣ್ಣಗಿನ ಉಳಿ ಎಳೆದ ಹಾಗಾಯಿತು. ಕಿಟಕಿಯ ವಿಷಯ ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆದರೂ ರಕ್ತಕ್ಕೆ ಗೊತ್ತಿರುತ್ತದೋ ಏನೋ. ಈ ಕಿಟಕಿಯನ್ನು ಹೇಗಾದರೂ ಮುಚ್ಚಬೇಕು, ಅವಳಿಗೆ ಡಿ ಬರಕೂಡದು ಎಂದು ಆ ಕ್ಷಣವೇ ತೀರ್ಮಾನಿಸಿದೆ. ನನ್ನ ಮಹಾ ಮೆದುಳಿನಲ್ಲಿ ಉಪಾಯವೂ ಹೊಳೆಯಿತು: ಮನೆಗೆಲಸದ ಲೆಕ್ಕವನ್ನೆಲ್ಲ ನಾನೇ ಮಾಡುವುದು, ಅವಳು ತನ್ನ ಅಕ್ಷರದಲ್ಲಿ ಇಳಿಸಿಕೊಳ್ಳುವುದು.

"ಅದು ಮೋಸ ಅಲ್ವಾ ಅಪ್ಪ?"

"ಮೋಸ ಯಾಕೆ? ನೀನು ನನ್ನ ಮಗಳು. ನಿನ್ನ ಮೂಗು ನಂದು, ಸಿಟ್ಟು ನಂದು. ಲೆಕ್ಕ ಮಾತ್ರ ಬೇರೆಯವರದಾ?"

ಮೊದಲ ದಿನದ ಲೆಕ್ಕ ದೇವರೇ ನನಗೆಂದು ಕಳಿಸಿದ ಹಾಗಿತ್ತು. ಇಪ್ಪತ್ತನಾಲ್ಕು ಅಡಿ ಉದ್ದದ ಹಲಗೆಯನ್ನು ಆರು ಸಮ ತುಂಡು ಮಾಡಿದರೆ ಒಂದೊಂದು ತುಂಡು ಎಷ್ಟು ಉದ್ದ? ಅಳಿಲು ಥಟ್ಟನೆ "ನಾಲ್ಕು ಅಡಿ" ಎಂದಳು.

"ಇದಕ್ಕೇ ನಿನಗೆ ಡಿ ಬಂದದ್ದು" ಎಂದೆ. "ಆರು ತುಂಡಿಗೆ ಐದು ಸಲ ಗರಗಸ ಹಾಕಬೇಕು. ಒಂದೊಂದು ಸಲಕ್ಕೂ ಗರಗಸ ಅಂಗುಲದ ಎಂಟನೇ ಒಂದು ಪಾಲು ಮರ ತಿನ್ನುತ್ತೆ. ಆ ಪುಡಿಯೆಲ್ಲ ಎಲ್ಲಿಂದ ಬಂತು, ಆಕಾಶದಿಂದಲಾ? ಅದನ್ನ ಕಳಿ. ಉಳಿದದ್ದನ್ನ ಆರು ಪಾಲು ಮಾಡು."

ಮಾಡಲು ಕೂತೆ. ಅಂಗುಲದ ಎಂಟನೇ ಪಾಲಿನ ಐದರಷ್ಟನ್ನು ಆರರಿಂದ ಭಾಗಿಸುವುದು ಎಂದರೆ ಹುಡುಗಾಟವಲ್ಲ. ಒಂದು ಚೂರು ಹಲಗೆಯ ಮೇಲೆ ಬರೆದೆ, ಅಳಿಸಿದೆ, ಐದನೇ ಸಲ ಗರಗಸದ ಹತ್ತಿರ ಬರುವಾಗ ಪೆನ್ಸಿಲ್ಲನ್ನು ಗೋಡೆಗೆ ಎಸೆದೆ. ಹೆಂಡತಿ ಒಂದು ಲೋಟ ನೀರು ತಂದಿಟ್ಟು ಹೋದಳು. ಕೊನೆಗೆ "ನಾಲ್ಕು ಅಡಿಗೆ ಕೂದಲೆಳೆಯಷ್ಟು ಕಡಿಮೆ" ಎಂದು ಉತ್ತರ ಬಂತು. ಅಳಿಲು ತನ್ನ ಮೂಲೆಗೆ ಹೋಗಿ ಇಳಿಸಿಕೊಂಡಳು. ಬಹಳ ಹೊತ್ತು ಬರೆಯುತ್ತಿದ್ದಳು. ಎರಡು ಸಾಲಿನ ಉತ್ತರಕ್ಕೆ ಅಷ್ಟು ಹೊತ್ತು ಯಾಕೆಂದು ನಾನು ಆಗ ಯೋಚಿಸಲಿಲ್ಲ.

ಮಾರನೆಯ ದಿನ ಸಂಜೆ ಅವಳು ನೋಟ್‌ಬುಕ್ಕನ್ನು ಹಿಂದಕ್ಕೆ ಮಡಚಿ, ಲೆಕ್ಕವಿದ್ದ ಪುಟ ಮಾತ್ರ ಕಾಣುವ ಹಾಗೆ ಹಿಡಿದುಕೊಂಡು ಬಂದಳು. ಉತ್ತರದ ಕೆಳಗೆ ಕೆಂಪು ಶಾಯಿ. ಶಾಯಿ ಇನ್ನೂ ಹಸಿಯಾಗಿರುವ ಹಾಗೆ ಮಿನುಗುತ್ತಿತ್ತು.

"ಗರಗಸ ತಿಂದದ್ದನ್ನು ಪ್ರಶ್ನೆ ಕೇಳಿಲ್ಲ. ಐದನೇ ಸಲ ಕೊಯ್ಯುವಾಗ ಸಿಟ್ಟು ಬಂದಿದೆ. ನೀರು ಕುಡಿದು ಮುಂದುವರಿಸಿ."

ನಾನು ಎರಡು ಸಲ ಓದಿದೆ. ಗೋಡೆಯ ಕಡೆ ನೋಡಿದೆ. ಪೆನ್ಸಿಲ್ ಬಡಿದ ಕಪ್ಪು ಚುಕ್ಕೆ ಅಲ್ಲಿಯೇ ಇತ್ತು. ಲೋಟವೂ ಅಲ್ಲಿಯೇ ಇತ್ತು.

"ಟೀಚರಿಗೆ ಏನಾದ್ರೂ ಹೇಳಿದ್ಯಾ?"

"ಇಲ್ಲಪ್ಪ. ಒಂದು ಮಾತೂ ಆಡಿಲ್ಲ. ಅವರು ಯಾರ ಹತ್ತಿರನೂ ಮಾತಾಡೋದು ಕಡಿಮೆ. ನಡೆದರೆ ಸದ್ದೇ ಆಗಲ್ಲ. ನಾವು ಬೋರ್ಡ್ ನೋಡ್ತಾ ಇರ್ತೀವಿ, ಅವರು ಹಿಂದಿನ ಬೆಂಚಿನ ಪಕ್ಕ ನಿಂತಿರ್ತಾರೆ."

ನನ್ನ ಮಗಳು ಸುಳ್ಳು ಹೇಳುವುದಿಲ್ಲ. (ಅದೊಂದು ನನ್ನಿಂದ ಬಂದದ್ದಲ್ಲ.) ಪುಟವನ್ನು ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ಅಕ್ಷರವನ್ನಷ್ಟೇ ನೋಡಿದಳು.

"ಈ ಅಕ್ಷರ ಬರೆಯೋರಿಗೆ ಅವಸರ ಇಲ್ಲ" ಎಂದಳು. "ದಿನಕ್ಕೆ ಸಾವಿರ ಕಾಗದ ನೋಡ್ತೀನಿ. ಎಲ್ಲರಿಗೂ ಅವಸರ. ಇವರಿಗೆ ಮಾತ್ರ ಬೇಕಾದಷ್ಟು ಟೈಮ್ ಇದೆ. ಇಂಥೋರನ್ನ ಕಂಡ್ರೆ ನನಗೂ ಸ್ವಲ್ಪ ಹೆದರಿಕೆನೇ ರೀ."

ಎರಡನೆಯ ದಿನ ನಾನು ಬೀದಿಯ ಕಡೆಯ ಕಿಟಕಿ ಭದ್ರವಾಗಿ ಮುಚ್ಚಿದೆ. ಪರದೆ ಎಳೆದೆ. ಪರದೆಯ ಹಿಂದೆ ಒಂದು ಪ್ಲೈವುಡ್ ಒರಗಿಸಿದೆ. ಅಂದಿನ ಪ್ರಶ್ನೆ: ಮೂವರು ಬಡಗಿಗಳು ಒಂದು ಮೇಜನ್ನು ಹನ್ನೆರಡು ದಿನದಲ್ಲಿ ಮಾಡುತ್ತಾರೆ. ಹನ್ನೆರಡು ಬಡಗಿಗಳು ಎಷ್ಟು ದಿನದಲ್ಲಿ ಮಾಡುತ್ತಾರೆ?

ಮೊದಲನೆಯದಾಗಿ, ಒಂದು ಮೇಜಿಗೆ ಮೂವರು ಬಡಗಿ, ಹನ್ನೆರಡು ದಿನ ಎಂಬುದೇ ನಮ್ಮ ಕಸುಬಿಗೆ ಮಾಡಿದ ಅವಮಾನ. ಎರಡನೆಯದಾಗಿ, ಹನ್ನೆರಡು ಬಡಗಿಗಳು ಒಂದು ಮೇಜಿನ ಸುತ್ತ ನಿಂತರೆ ಮೊದಲ ದಿನ ಯಾರ ಸುತ್ತಿಗೆ ಯಾರದು ಎಂಬ ಚರ್ಚೆ, ಎರಡನೆಯ ದಿನ ಜಗಳ, ಮೂರನೆಯ ದಿನ ಆಸ್ಪತ್ರೆ. "ಮೇಜು ಎಂದಿಗೂ ಆಗುವುದಿಲ್ಲ" ಎಂದು ಉತ್ತರ ಬರೆಸಿದೆ. ಅಳಿಲು ಏನೋ ಹೇಳಲು ಬಾಯಿ ತೆರೆದಳು, ನನ್ನ ಮುಖ ನೋಡಿ ಮುಚ್ಚಿದಳು, ಮೂಲೆಗೆ ಹೋಗಿ ಮತ್ತೆ ಬಹಳ ಹೊತ್ತು ಬರೆದಳು.

ಮಾರನೆಯ ದಿನ ಕೆಂಪು ಶಾಯಿ ಹೀಗೆಂದಿತು: "ಉತ್ತರ ತಪ್ಪು. ಮಾತು ಸರಿ. ಕಿಟಕಿಗೆ ಪ್ಲೈವುಡ್ ಇಟ್ಟ ಮಾತ್ರಕ್ಕೆ ತಪ್ಪು ಹೊರಗೆ ಕಾಣದೆ ಇರುವುದಿಲ್ಲ."

ಕೈಯಲ್ಲಿದ್ದ ಉಳಿ ಕೆಳಗೆ ಬಿತ್ತು. (ಕಾಲಿನ ಮೇಲೆ ಅಲ್ಲ. ಕಾಲು ಆಗಲೇ ಎರಡು ಹೆಜ್ಜೆ ಹಿಂದೆ ಹೋಗಿತ್ತು.)

ಅಂದು ನಾನು ಮನೆಯನ್ನೆಲ್ಲ ತಡಕಿದೆ. ಅಟ್ಟದಲ್ಲಿ ನೋಡಿದೆ, ಹಲಗೆಗಳ ಸಂದಿಯಲ್ಲಿ ನೋಡಿದೆ, ಮೊಳೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿದೆ. ನಡುವಿನ ಬಾಗಿಲಿಗೆ ಚಿಲಕವನ್ನೂ ಕೂರಿಸಿದೆ. ಹೆಂಡತಿ ಬಂದು ಚಿಲಕವನ್ನು ಮುಟ್ಟಿ ಮುಟ್ಟಿ ನೋಡಿದಳು.

"ನಾನು ಹನ್ನೊಂದು ವರ್ಷ ಕೇಳಿದ್ರೂ ಆಗದ್ದು ಆ ಟೀಚರು ಎರಡು ಸಾಲಲ್ಲಿ ಮಾಡಿಸಿದ್ರಲ್ಲ. ಅವರಿಗೆ ಒಂದು ಕಾಗದ ಬರೀತೀನಿ, ಸ್ನಾನದ ಮನೆ ಬಾಗಿಲೂ ಇದೆ."

"ತಮಾಷೆ ಮಾಡಬೇಡ ಕಣೇ. ಯಾರೋ ನಮ್ಮನ್ನ ನೋಡ್ತಾ ಇದ್ದಾರೆ."

"ನೋಡಲಿ ಬಿಡಿ. ಲೆಕ್ಕದಲ್ಲಿ ತೊಂಬತ್ತು ತೆಗೆದೋರಿಗೆ ಏನು ಹೆದರಿಕೆ?"

ಈ ಮಾತನ್ನು ಅವಳು ನನ್ನ ಕಡೆ ನೋಡದೆ, ಚಿಲಕವನ್ನು ಹಾಕಿ ತೆಗೆದು ಮಾಡುತ್ತಾ ಹೇಳಿದಳು.

ಆ ಕೆಂಪು ಅಕ್ಷರದ ಬಗ್ಗೆ ಇನ್ನೊಂದು ಸಂಗತಿ ಇತ್ತು. ಅದನ್ನು ನಾನು ಅವಳಿಗೆ ಹೇಳಿರಲಿಲ್ಲ, ನನಗೇ ಹೇಳಿಕೊಳ್ಳಲು ಧೈರ್ಯವಿರಲಿಲ್ಲ. ತಪ್ಪಿನ ಕೆಳಗೆ ಜೋಡಿ ಗೆರೆ, ಎರಡನೆಯ ಗೆರೆಯ ಬಾಲಕ್ಕೆ ಮೀನಿನ ಗಾಳದಂಥ ಒಂದು ಕೊಕ್ಕೆ. ಅಂಥ ಕೊಕ್ಕೆ ಹಾಕುತ್ತಿದ್ದವರು ಈ ಲೋಕದಲ್ಲಿ ಒಬ್ಬರೇ, ನನ್ನ ಆರನೇ ತರಗತಿಯ ಲೆಕ್ಕದ ಮೇಷ್ಟ್ರು. ಅವರು ತೀರಿಕೊಂಡು ಎಂಟು ವರ್ಷವಾಗಿದೆ. ಅವರ ಮನೆಯವರು ಕರೆದರೆಂದು ಫೋಟೋಗೆ ಚೌಕಟ್ಟು ಹಾಕಿಕೊಟ್ಟವನು ನಾನೇ. ಚೌಕಟ್ಟು ಹಾಕುವಾಗಲೂ ಆ ಫೋಟೋದ ಕಣ್ಣಿಗೆ ಕಣ್ಣು ಕೊಡಲಾಗದೆ ಅದರ ಮೇಲೆ ಬಟ್ಟೆ ಮುಚ್ಚಿ ಮೊಳೆ ಹೊಡೆದಿದ್ದೆ.

ಮೂರನೆಯ ದಿನ ನನಗೆ ಉಳಿದದ್ದು ಒಂದೇ ಜಾಗ. ಕೋಣೆಯ ಮಧ್ಯದಲ್ಲಿ ಹಲ್ಲಿನ ಡಾಕ್ಟರಿಗೆಂದು ಮಾಡುತ್ತಿದ್ದ ಮರದ ಬೀರು ನಿಂತಿತ್ತು. ಆಳೆತ್ತರ, ಎರಡು ಬಾಗಿಲು, ಒಳಗೆ ಇನ್ನೂ ಅಡ್ಡ ಹಲಗೆ ಕೂರಿಸಿರಲಿಲ್ಲ. ಟಾರ್ಚು ಹಿಡಿದು ಒಳಗೆ ಹೊಕ್ಕು, ಮಂಡಿಯನ್ನು ಗಲ್ಲಕ್ಕೆ ತಂದುಕೊಂಡು ಕೂತು, ಬಾಗಿಲು ಎಳೆದುಕೊಂಡೆ.

"ಪ್ರಶ್ನೆ ಓದು" ಎಂದೆ, ಒಳಗಿನಿಂದ.

"ಅಪ್ಪ, ನಿನ್ನ ದನಿ ಬೇರೆ ಯಾರದೋ ತರ ಕೇಳುತ್ತೆ."

"ಓದೇ."

ಅವಳು ಓದಿದಳು. ಒಂದು ನೀರಿನ ತೊಟ್ಟಿ. ಮೇಲಿನ ನಲ್ಲಿ ಅದನ್ನು ಆರು ಗಂಟೆಯಲ್ಲಿ ತುಂಬುತ್ತದೆ. ಕೆಳಗಿನ ನಲ್ಲಿ ಒಂಬತ್ತು ಗಂಟೆಯಲ್ಲಿ ಖಾಲಿ ಮಾಡುತ್ತದೆ. ಎರಡೂ ತೆರೆದಿದ್ದರೆ ತೊಟ್ಟಿ ತುಂಬಲು ಎಷ್ಟು ಹೊತ್ತು?

ಬೀರುವಿನೊಳಗೆ ಹಸಿಮರದ ವಾಸನೆ ಇದ್ದಕ್ಕಿದ್ದಂತೆ ಸೀಮೆಸುಣ್ಣದ ವಾಸನೆಯಾಯಿತು. ಇದೇ ಲೆಕ್ಕ. ಇದೇ ಆರು, ಇದೇ ಒಂಬತ್ತು. ಮೂವತ್ತೆರಡು ವರ್ಷ ಅದು ಎಲ್ಲಿಯೂ ಹೋಗದೆ, ಬಳಸುದಾರಿಯ ಕೊನೆಯಲ್ಲಿ ನನಗಾಗಿ ಕಾದು ಕೂತಿತ್ತು. ಅಂದು ನಾನು ಎದ್ದು ನಿಂತು ಕೇಳಿದ್ದೆ, "ಸಾರ್, ಕೆಳಗಿನ ನಲ್ಲಿ ಮುಚ್ಚಬಾರದಾ?" ಇಡೀ ತರಗತಿ ನಕ್ಕಿತ್ತು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದಿದ್ದರು. ಅದು ಮುಚ್ಚುವುದರೊಳಗೆ ನಾನು ಕಿಟಕಿಯ ಆಚೆ ಇದ್ದೆ.

ಟಾರ್ಚಿನ ಬೆಳಕಿನಲ್ಲಿ ಬೀರುವಿನ ಒಳಗೋಡೆಯ ಮೇಲೇ ಬರೆದೆ: "ಮೊದಲು ಕೆಳಗಿನ ನಲ್ಲಿ ಮುಚ್ಚಬೇಕು. ಆಮೇಲೆ ಆರು ಗಂಟೆ." ಬರೆದು ಬಾಗಿಲು ತಳ್ಳಿದರೆ ತೆರೆಯಲಿಲ್ಲ. ಬೀರುವಿಗೆ ನಾನೇ ಕೂರಿಸಿದ್ದ ಚಿಲಕ ಹೊರಗಿನಿಂದ ತಾನಾಗಿ ಬಿದ್ದುಕೊಂಡಿತ್ತು. (ನನ್ನ ಕೈಕೆಲಸ ಅಷ್ಟು ಅಚ್ಚುಕಟ್ಟು.) ಅಳಿಲು ತೆಗೆಯುವ ಹೊತ್ತಿಗೆ ನಾನು ಬೆವರಿನಲ್ಲಿ ಮಿಂದಿದ್ದೆ.

ಮಾರನೆಯ ದಿನ ನೋಟ್‌ಬುಕ್ ನೋಡಲು ನಾನೇ ಹೋಗಲಿಲ್ಲ. ಅದೇ ನನ್ನ ಹತ್ತಿರ ಬಂತು.

"ಬೀರುವಿನೊಳಗೆ ಬೆಳಕು ಸಾಲದು, ಆರು ಸೊನ್ನೆಯಂತೆ ಕಾಣುತ್ತಿದೆ. ಈ ಉತ್ತರವನ್ನು ನಾನು ಮೊದಲೇ ಒಮ್ಮೆ ಕೇಳಿದ್ದೇನೆ. ಕಿಟಕಿಯಿಂದ ಹೋದವರು ಶುಕ್ರವಾರ ಸಂಜೆ ಐದು ಗಂಟೆಗೆ ಬಾಗಿಲಿನಿಂದ ಬರಬೇಕೆಂದು ನಿರೀಕ್ಷಿಸಲಾಗಿದೆ."

ಕೆಳಗೆ ಜೋಡಿ ಗೆರೆ. ಬಾಲಕ್ಕೆ ಕೊಕ್ಕೆ.

ಹೆಂಡತಿ ನನ್ನ ಭುಜದ ಮೇಲಿಂದ ಓದಿದಳು. "ಕಿಟಕಿ ಅಂದ್ರೆ ಏನ್ರೀ?"

"ಯಾವುದೋ... ರಿಪೇರಿ ಇರಬೇಕು."

"ಹೂಂ" ಎಂದಳು. "ಹೋಗಿ ಬನ್ನಿ. ಶರ್ಟು ಇಸ್ತ್ರಿ ಮಾಡಿಡ್ತೀನಿ." ಆ ಹೂಂನಲ್ಲಿ ಎಷ್ಟು ಜಾಗ ಇತ್ತೆಂದರೆ ಎರಡು ಬೀರು ಹಿಡಿಸಬಹುದಿತ್ತು.

ಶುಕ್ರವಾರ ಸೈಕಲ್ಲು ಬಳಸುದಾರಿಗೆ ತಿರುಗಿತು. ಬಲವಂತವಾಗಿ ವಾಪಸು ತಿರುಗಿಸಿದೆ. ಮಕ್ಕಳೆಲ್ಲ ಹೋಗಿ ಶಾಲೆ ಖಾಲಿಯಾಗಿತ್ತು. ಉದ್ದದ ಪಡಸಾಲೆಯಲ್ಲಿ ಬಿಸಿಲು ಓರೆಯಾಗಿ ಬಿದ್ದಿತ್ತು, ನನ್ನ ಚಪ್ಪಲಿಯ ಸದ್ದು ನನ್ನ ಹಿಂದೆ ಒಂದು ಹೆಜ್ಜೆ ತಡವಾಗಿ ಬರುತ್ತಿತ್ತು. ನಿಂತೆ. ಸದ್ದೂ ನಿಂತಿತು. ಕೊನೆಯ ಕೋಣೆಯಿಂದ ಮಾತ್ರ ಒಂದು ಸದ್ದು ಬರುತ್ತಿತ್ತು, ಬಹಳಷ್ಟು ಪೆನ್ಸಿಲ್ಲುಗಳು ಒಟ್ಟಿಗೆ ಕಾಗದದ ಮೇಲೆ ಹರಿಯುವ ಸದ್ದು. ಗೆದ್ದಲು ಮರ ತಿನ್ನುವಾಗ ಕಿವಿಯಿಟ್ಟರೆ ಅಂಥದೇ ಕೇಳುತ್ತದೆ.

ಬಾಗಿಲಲ್ಲಿ ನಿಂತು ನೋಡಿದೆ.

ಪುಟ್ಟ ಪುಟ್ಟ ಬೆಂಚುಗಳಲ್ಲಿ ದೊಡ್ಡ ದೊಡ್ಡವರು ಕೂತಿದ್ದರು. ಮಂಡಿ ಗಲ್ಲಕ್ಕೆ, ತಲೆ ಕಾಗದಕ್ಕೆ. ನಮ್ಮ ರಸ್ತೆಯ ಬಸ್ಸಿನ ಕಂಡಕ್ಟರು, ಕುತ್ತಿಗೆಯಲ್ಲಿ ಸೀಟಿ ಹಾಗೆಯೇ ಇತ್ತು. ಆಸ್ಪತ್ರೆಯ ನರ್ಸಮ್ಮ, ಬಿಳಿ ಉಡುಪಿನಲ್ಲೇ. ಒಬ್ಬರು ಅಜ್ಜ, ಬೆರಳು ಮಡಚಿ ಮಡಚಿ ಎಣಿಸುತ್ತಾ. ಕಿಟಕಿಯ ಪಕ್ಕ, ಊರಿನವರ ಬಾಯಲ್ಲೆಲ್ಲ ಕೈಯಿಟ್ಟ ಹಲ್ಲಿನ ಡಾಕ್ಟರು, ಈಗ ತಮ್ಮ ಪೆನ್ಸಿಲ್ಲನ್ನೇ ಕಚ್ಚುತ್ತಾ. ಯಾರೂ ತಲೆ ಎತ್ತಲಿಲ್ಲ. ಯಾರೂ ಉಸಿರೂ ಬಿಡುತ್ತಿಲ್ಲವೇನೋ ಎನ್ನಿಸಿತು.

"ಬನ್ನಿ" ಎಂದಿತು ಒಂದು ದನಿ, ನನ್ನ ಕಿವಿಯ ಹಿಂದಿನಿಂದ. "ನಿಮ್ಮ ಜಾಗ ಖಾಲಿ ಇದೆ."

ತಿರುಗಿದರೆ ಲೆಕ್ಕದ ಟೀಚರು. ಬೂದುಬಣ್ಣದ ಸೀರೆ, ರಬ್ಬರಿನ ಚಪ್ಪಲಿ, ಕೈಯಲ್ಲಿ ಕೆಂಪು ಪೆನ್ನು. ಯಾವಾಗ ಬಂದರೋ ಗೊತ್ತಿಲ್ಲ. ಅವರು ತೋರಿಸಿದ ಬೆಂಚು ಮೂರನೆಯ ಸಾಲಿನ ಎಡತುದಿ. ಮೂವತ್ತೆರಡು ವರ್ಷದ ಹಿಂದೆ ನಾನು ಕೂರುತ್ತಿದ್ದದ್ದು ಅಲ್ಲಿಯೇ. ಪಕ್ಕದಲ್ಲಿ ಅದೇ ಕಿಟಕಿ. ಈಗ ಅದಕ್ಕೆ ಕಬ್ಬಿಣದ ಕಂಬಿ.

"ನಾನು ಒಳಗೆ ಬರಲ್ಲ" ಎಂದೆ. ಸಿಟ್ಟಿನಿಂದ ಹೇಳಬೇಕೆಂದು ಶುರುಮಾಡಿದ ಮಾತು ಬಾಯಿಂದ ಹೊರಬರುವಾಗ ಅಂಗಲಾಚುವಿಕೆಯಾಗಿತ್ತು. "ಇದೆಲ್ಲ ಏನು? ನನ್ನ ಮನೆಯೊಳಗೆ ನಡೆಯೋದು ನಿಮಗೆ ಹೇಗೆ ಕಾಣುತ್ತೆ?"

ಅವರು ಅಳಿಲಿನ ನೋಟ್‌ಬುಕ್ಕನ್ನು ನನ್ನ ಮುಂದೆ ಹಿಡಿದರು. ಮಡಚಿರಲಿಲ್ಲ, ಎರಡೂ ಪುಟ ತೆರೆದಿತ್ತು. ಬಲಪುಟದಲ್ಲಿ ನನ್ನ ಲೆಕ್ಕ. ಎಡಪುಟದಲ್ಲಿ, ನಾನು ಒಮ್ಮೆಯೂ ನೋಡದ ಎಡಪುಟದಲ್ಲಿ, ಮಗಳ ಗುಂಡು ಅಕ್ಷರ.

"ಅಪ್ಪ ಬೀರುವಿನ ಒಳಗೆ ಕೂತರು. ಬಾಗಿಲು ಹಾಕಿಕೊಂಡಿತು. ಅಪ್ಪನ ಉತ್ತರ ಆರು ಗಂಟೆ, ಒಳಗೆ ಕತ್ತಲು, ಆರು ಸೊನ್ನೆ ತರ ಕಾಣ್ತಿತ್ತು. ಇದು ಸರಿ ಅಲ್ಲ ಅಂತ ನನಗೆ ಅನ್ನಿಸಿತು. ಒಂದು ಗಂಟೆಗೆ ಆರರಲ್ಲಿ ಒಂದು ಪಾಲು ತುಂಬುತ್ತೆ, ಒಂಬತ್ತರಲ್ಲಿ ಒಂದು ಪಾಲು ಹೋಗುತ್ತೆ. ಉಳಿಯೋದು ಹದಿನೆಂಟರಲ್ಲಿ ಒಂದು. ನನ್ನ ಉತ್ತರ ಹದಿನೆಂಟು ಗಂಟೆ. ಅಪ್ಪನಿಗೆ ಹೇಳಲಿಲ್ಲ, ಬೇಜಾರು ಮಾಡ್ಕೋತಾರೆ."

"ನಿಯಮ ನಾಲ್ಕು" ಎಂದರು ಟೀಚರು. "ಲೆಕ್ಕ ಮಾಡುವಾಗ ಮನೆಯಲ್ಲಿ ಏನೇನಾಯಿತು, ಯಾರನ್ನ ಕೇಳಿದೆ, ಎಲ್ಲಿ ಸಿಕ್ಕಿಹಾಕಿಕೊಂಡೆ, ಎಲ್ಲ ಎಡಪುಟದಲ್ಲಿ ಬರೀಬೇಕು. ಅದಕ್ಕೆ ಇಪ್ಪತ್ತು ಅಂಕ. ನಿಯಮ ಒಂಬತ್ತು, ಮಕ್ಕಳ ಮನೆಗೆಲಸ ಯಾರು ಮಾಡ್ತಾರೋ ಪರೀಕ್ಷೆಗೆ ಅವರೂ ಕೂರಬೇಕು. ಇಲ್ಲಿರೋರೆಲ್ಲ ಹಾಗೆ ಬಂದೋರೇ. ಕೆಳಗೆ ನಿಮ್ಮ ಸಹಿ ಇದೆ. ಸಹಿ ಕಾಗದ ಹರಿದುಕೊಂಡು ಹಿಂದಿನ ಪುಟಕ್ಕೂ ಬಂದಿದೆ."

ಹಾಗಾದರೆ ದೆವ್ವವಿಲ್ಲ, ಭೂತವಿಲ್ಲ. ನನ್ನ ಮನೆಯ ಮೇಲೆ ಕಣ್ಣಿಟ್ಟಿದ್ದದ್ದು ನನ್ನ ಮೂಗು ಹೊತ್ತ ಹನ್ನೆರಡು ವರ್ಷದ ಒಂದು ಅಳಿಲು. ಧೈರ್ಯ ಸ್ವಲ್ಪ ಮರಳಿತು. ಆದರೆ ಆ ಕೊಕ್ಕೆ? ಆ ಕಿಟಕಿ?

"ಕಿಟಕಿ ವಿಷಯ ಮಗಳಿಗೂ ಗೊತ್ತಿಲ್ಲ" ಎಂದೆ ಪಿಸುದನಿಯಲ್ಲಿ. "ಈ ಕೊಕ್ಕೆ ಹಾಕ್ತಿದ್ದೋರು ಈಗಿಲ್ಲ."

ಟೀಚರು ಮೊದಲ ಸಲ ನನ್ನನ್ನು ನೇರವಾಗಿ ನೋಡಿದರು.

"ಮುಂದಿನ ಬೆಂಚಿನವರಿಗೆಲ್ಲ ಮೇಷ್ಟ್ರು ತಮ್ಮ ಅಕ್ಷರನೇ ಕಲಿಸಿದ್ದು. ನೀನು ಮೂರನೇ ಬೆಂಚು, ನಿನಗೆ ಬರಲಿಲ್ಲ" ಎಂದರು. ಬಹುವಚನ ಎಲ್ಲಿ ಕಳಚಿ ಬಿತ್ತೋ ತಿಳಿಯಲಿಲ್ಲ. "ನೀನು ಹಾರಿದಾಗ ನಿನ್ನ ಚಪ್ಪಲಿ ಒಂದು ನನ್ನ ಮಡಿಲಿಗೆ ಬಿತ್ತು. ಎರಡು ಜಡೆ ಹುಡುಗಿ, ನೆನಪಿಲ್ವಾ? ನಿನ್ನ ಮಗಳ ನೋಟ್‌ಬುಕ್ಕಲ್ಲಿ 'ಕೆಳಗಿನ ನಲ್ಲಿ ಮುಚ್ಚಬೇಕು' ಅಂತ ನೋಡಿದ ತಕ್ಷಣ ಗೊತ್ತಾಯ್ತು. ಇಪ್ಪತ್ತೈದು ವರ್ಷ ಪಾಠ ಮಾಡಿದ್ದೀನಿ, ಆ ಲೆಕ್ಕಕ್ಕೆ ಆ ಉತ್ತರ ಕೊಟ್ಟೋನು ನೀನೊಬ್ಬನೇ. ನೀನು ಹೋದ ಮಾರನೇ ವಾರ ಈ ಕಂಬಿ ಹಾಕಿಸಿದರು."

ನಾನು ಕಂಬಿಯ ಕಡೆ ನೋಡಿದೆ. ಆಮೇಲೆ ಬಾಯಿಂದ ಹೊರಟದ್ದು, ಮೂವತ್ತೆರಡು ವರ್ಷದಿಂದ ಗಂಟಲಲ್ಲೇ ಇದ್ದ ಪ್ರಶ್ನೆ.

"ಆದ್ರೂ, ಯಾಕೆ ಮುಚ್ಚಬಾರದು?"

"ಅವತ್ತು ಮೇಷ್ಟ್ರು ಹೇಳೋಕೆ ಬಾಯಿ ತೆರೆದರು. ನೀನು ನಿಲ್ಲಲಿಲ್ಲ." ಟೀಚರು ಕೆಂಪು ಪೆನ್ನಿನ ಮುಚ್ಚಳ ಹಾಕಿದರು. "ನೀನು ಹೋದ ಮೇಲೆ ನಮಗೆ ಹೇಳಿದರು. 'ಒಳ್ಳೇ ಪ್ರಶ್ನೆ ಕೇಳಿದ. ಕೆಳಗಿನ ನಲ್ಲಿ ಕೆಟ್ಟಿದೆ, ಮುಚ್ಚೋಕೆ ಬರಲ್ಲ. ಅದಕ್ಕೇ ಲೆಕ್ಕ ಮಾಡಬೇಕಾಗಿದೆ' ಅಂತ."

ಕೆಟ್ಟಿದೆ. ಅಷ್ಟೇ. ಯಾರಾದರೂ ನನಗೆ ಮೊದಲೇ ಹೇಳಿದ್ದರೆ ನಾನು ಹತ್ತನೇ ತರಗತಿಯನ್ನೂ ಓದುತ್ತಿದ್ದೆ, ತೊಂಬತ್ತನ್ನೂ ತೆಗೆಯುತ್ತಿದ್ದೆನೋ ಏನೋ. ಕೆಟ್ಟ ನಲ್ಲಿ ಎಂದರೆ ನನಗೆ ಅರ್ಥವಾಗುತ್ತದೆ. ಕೆಟ್ಟ ವಸ್ತುಗಳ ಮೇಲೆಯೇ ನನ್ನ ಸಂಸಾರ ನಿಂತಿರುವುದು.

ಹೋಗಿ ನನ್ನ ಬೆಂಚಿನಲ್ಲಿ ಕೂತೆ. ಮಂಡಿ ತಾನಾಗಿ ಗಲ್ಲಕ್ಕೆ ಬಂತು, ಬೀರುವಿನಲ್ಲಿ ಅಭ್ಯಾಸವಾಗಿತ್ತಲ್ಲ. ಹಲ್ಲಿನ ಡಾಕ್ಟರು ತುಟಿ ಅಲುಗಿಸದೆ ಪಿಸುಗುಟ್ಟಿದರು, "ನನ್ನ ಬೀರು?"

"ಆಗ್ತಾ ಇದೆ ಸಾರ್."

"ಏಳನೇ ಪ್ರಶ್ನೆ ಉತ್ತರ?"

"ಕೇಳಬೇಡಿ ಸಾರ್, ನಾನು ಆರನೇ ಕ್ಲಾಸು."

ಮೊದಲ ಸಲ ಒಬ್ಬರಿಗೆ ನಿಜ ಹೇಳಿದ್ದೆ. ಹೇಳಿದ ಮೇಲೆ ಎದೆಯ ಮೇಲಿಂದ ಒಂದು ದಪ್ಪ ತೊಲೆ ಇಳಿಸಿದ ಹಾಗಾಯಿತು, ಪೆನ್ಸಿಲ್ಲುಗಳ ಸದ್ದು ಗೆದ್ದಲಿನಂತೆ ಕೇಳುವುದೂ ನಿಂತಿತು. ತೊಟ್ಟಿಯ ಲೆಕ್ಕ ಹತ್ತನೆಯದು. ಹದಿನೆಂಟು ಗಂಟೆ ಎಂದು ಬರೆದೆ, ಪಕ್ಕದಲ್ಲಿ "ನಲ್ಲಿ ರಿಪೇರಿ ಮಾಡಿಸಿ" ಎಂದೂ ಬರೆದೆ.

ಒಂದು ವಾರದ ಮೇಲೆ ಮನೆಗೆ ಎರಡು ಅಂಕಪಟ್ಟಿ ಬಂದವು. ಎಡಪುಟದ ಲೆಕ್ಕವೆಲ್ಲ ಸೇರಿ ಅಳಿಲಿಗೆ ನೂರಕ್ಕೆ ಎಪ್ಪತ್ತೊಂದು, ಬಿ. ನನ್ನ ತಪ್ಪುಗಳನ್ನು ತಿದ್ದಿ ತಿದ್ದಿ ಅವಳು ಲೆಕ್ಕ ಕಲಿತುಬಿಟ್ಟಿದ್ದಳು. ಅವಳು ಕಿಟಕಿಯ ಕಡೆ ನೋಡಲಿಲ್ಲ, ತನ್ನ ಅಂಕಪಟ್ಟಿಯನ್ನೇ ನೋಡುತ್ತಾ ಕೂತಳು. ನಾನು ಬಂದ ಕೆಲಸ ಮುಗಿಯಿತು ಎಂದುಕೊಂಡು ನನ್ನದನ್ನು ಮಡಚಿ ಜೇಬಿಗೆ ಸೇರಿಸಿದೆ.

"ಅಪ್ಪ, ನಿಯಮ ಹತ್ತು" ಎಂದಳು ಅಳಿಲು. "ಅಂಕಪಟ್ಟಿಗೆ ಮನೆಯ ದೊಡ್ಡವರ ಸಹಿ ಹಾಕಿಸಿಕೊಂಡು ಹೋಗಬೇಕು."

ಮನೆಯ ದೊಡ್ಡವರು ಆಗಲೇ ಕೈ ಚಾಚಿದ್ದರು. ಹೆಂಡತಿ ಕನ್ನಡಕ ಏರಿಸಿ ನಿಧಾನವಾಗಿ ಓದಿದಳು. ನೂರಕ್ಕೆ ನಲವತ್ತೊಂದು. ಡಿ. ಕೆಳಗೆ ಕೆಂಪು ಶಾಯಿಯಲ್ಲಿ: "ಮೂವತ್ತೆರಡು ವರ್ಷದ ಗೈರುಹಾಜರಿಯನ್ನು ಗಮನಿಸಿದರೆ ತೃಪ್ತಿಕರ. ಪ್ರತಿ ಶುಕ್ರವಾರ ಬರಬೇಕೆಂದು ನಿರೀಕ್ಷಿಸಲಾಗಿದೆ."

ಹೊಸ ಚಿಲಕ ಗಾಳಿಗೆ ಅಲುಗಿತು. ಹೆಂಡತಿ ಪೆನ್ನಿನ ಮುಚ್ಚಳ ತೆಗೆದಳು. ಸಹಿ ಹಾಕಲಿಲ್ಲ. ಒಂದು ಖಾಲಿ ಕಾಗದ ತಂದು ನನ್ನ ಮುಂದಿಟ್ಟಳು, ನೀಟಾಗಿ ಮಧ್ಯಕ್ಕೆ ಮಡಚಿ ಎಡಪುಟವನ್ನು ಬೆರಳಿಂದ ತಟ್ಟಿದಳು.

"ಹತ್ತನೇ ಕ್ಲಾಸಲ್ಲಿ ತೊಂಬತ್ತು ಬಂದೋರಿಗೆ ಏಳನೇ ಕ್ಲಾಸಲ್ಲಿ ನಲವತ್ತೊಂದು ಹೇಗೆ ಬಂತು? ಏನೇನಾಯ್ತೋ ಎಲ್ಲ ಬರೀರಿ. ಮದುವೆಗೆ ಮುಂಚಿನದೂ ಸೇರಿಸಿ. ನನಗೇನೂ ಅವಸರ ಇಲ್ಲ."

ನಾನು ದಪ್ಪ ಪೆನ್ಸಿಲ್ ತೆಗೆದುಕೊಂಡೆ. "ಕಿಟಕಿ" ಎಂದು ಬರೆದೆ. ಎರಡನೆಯ ಸಾಲಿಗೇ ಸಿಟ್ಟು ಬಂತು.

ಅಳಿಲು ಸದ್ದಿಲ್ಲದೆ ಬಂದು ಒಂದು ಲೋಟ ನೀರು ಇಟ್ಟು ಹೋದಳು.